ಅಪ್ಪ ಸತ್ತ ಸಿನಿಮಾಗಳು

ಅಪ್ಪಾ,

ಇವತ್ತು ಮಧ್ಯಾಹ್ನ ಮದರಾಸಿನಿಂದ ತಂತಿ ಬಂತು, ನೀನು ಸತ್ತೆಯಂತೆ. ಯಾವುದೋ ಟಿ.ವಿ. ನಾಟಕದ ಶೂಟಿಂಗಿನಲ್ಲಿ, ಮುಖಕ್ಕೆ ಬಣ್ಣ ಹಚ್ಚಿಕೊಂಡೇ. ನಿನಗೆ ತಕ್ಕ ಸಾವು.

ಅವ್ವ ಮಗ್ಗದ ಮುಂದೆ ನಿಂತಿದ್ದಳು. ಕೈಮಗ್ಗ ಬಿಟ್ಟು ಓಡಿದವನು ನೀನು, ನಮ್ಮೂರು ಕರುಮತ್ತಂಪಟ್ಟಿಯಲ್ಲಿ ಈಗ ಮನೆಮನೆಗೂ ಕರೆಂಟ್ ಮಗ್ಗ ಬಂದಿರೋದು ನಿನಗೇನು ಗೊತ್ತು? ಆ ಸದ್ದಿನಲ್ಲಿ ಕಿರುಚಿಯೇ ಹೇಳಬೇಕಾಯಿತು: "ಅವ್ವಾ, ಅಪ್ಪ ಸತ್ತುಹೋದ!"

"ಯಾವ ಸಿನಿಮಾದಲ್ಲಿ?" ಅಂತ ಕೇಳಿದಳು.

ತಪ್ಪು ಅವಳದಲ್ಲ. ಇಪ್ಪತ್ತು ವರ್ಷ ನೀನು ಮಾಡಿದ್ದು ಅದೊಂದೇ ಕೆಲಸ. ಹೀರೋಯಿನ್ನಿನ ಬಡ ಅಪ್ಪನಾಗಿ, ಮಗಳ ಮದುವೆ ಚಪ್ಪರದಲ್ಲಿ ಎದೆ ಹಿಡಿದುಕೊಂಡು ಬೀಳೋದು. ನನ್ನ ಮದುವೆಗೆ ಮಾತ್ರ ನಿನಗೆ ಬಿಡುವಿರಲಿಲ್ಲ. ಸೋಮನೂರಿನ ಟೆಂಟ್ ಟಾಕೀಸಿನಲ್ಲಿ ನೀನು ಬಿದ್ದಾಗಲೆಲ್ಲ ಅವ್ವ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದಳು. ಬೀದಿಯವರು ನಕ್ಕರೆ, "ನಮ್ಮವರ ಸಾವು ಕಣ್ಣಾರೆ ನೋಡಿ, ತಲೆಗೆ ನೀರು ಹಾಕಿಕೊಳ್ಳದೆ ಒಲೆ ಹಚ್ಚಲಾ?" ಅನ್ನುತ್ತಿದ್ದಳು.

ಈ ಸಲ ನಿಜ ಅಂತ ಹೇಳಿದೆ. ಅವಳು ಕಡಿದ ನೂಲಿಗೆ ಗಂಟು ಹಾಕಿ ಮತ್ತೆ ಮಗ್ಗ ಓಡಿಸಿದಳು. "ಆ ಮನುಷ್ಯನಿಗೆ ಹಾಕಿಕೊಳ್ಳಬೇಕಾದ ನೀರೆಲ್ಲ ಆಗಲೇ ಹಾಕಿಕೊಂಡಾಯ್ತು" ಅಂದಳು.

ಸರಿಯಾಗೇ ಅಂದಳು. ನಿನಗೋಸ್ಕರ ಈ ಮನೆಯಲ್ಲಿ ಇನ್ನೊಂದು ಚೊಂಬು ನೀರು ಚೆಲ್ಲಿದರೂ ದಂಡ.

ನನ್ನ ಕೂದಲಿಂದ ಈ ಕಾಗದದ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಇವತ್ತು ಸೆಕೆ ಜಾಸ್ತಿ, ಅದಕ್ಕೆ ಹುಯ್ದುಕೊಂಡೆ. ನೀನು ಬೇರೇನೂ ಅಂದುಕೊಳ್ಳಬೇಡ.