ಅರವತ್ತೊಂಬತ್ತರ ಹಳೇ ಎಂಜಿನ್

ವೆಂಡೆಲ್,

ನೀನು ಹೋಗಿ ಏಳು ತಿಂಗಳಾಯಿತು. ಇವತ್ತು ಬೆಳಿಗ್ಗೆ ಟೊಲೆಡೊದ ಕಾರು ಮೇಳಕ್ಕೆ ನಿನ್ನ ಅರವತ್ತೊಂಬತ್ತನೇ ಇಸವಿಯ ಮಾಡೆಲ್ ಕಾರು ಬಂದಿತ್ತು. ಓಡಿಸುತ್ತಿದ್ದವನು ಟ್ರೆಂಟ್, ನೀನು ಉಯಿಲಿನಲ್ಲಿ ಕಾರು ಬರೆದುಕೊಟ್ಟೆಯಲ್ಲ, ಅವನೇ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಕೂತಿದ್ದ, ಗಿಡ್ಡ.

ನನ್ನ ಎಪ್ಪತ್ತರ ಮಾಡೆಲ್ ನೋಡಿ, "ಎಪ್ಪತ್ತರದಕ್ಕೆ ಕುಂಡಿ ದಪ್ಪ ಅಂತಿದ್ರು ವೆಂಡೆಲ್" ಎಂದು ನಕ್ಕ. ಆ ಮಾತನ್ನು ನೀನು ನನಗೊಬ್ಬನಿಗೇ ಹೇಳುತ್ತಿದ್ದೆ ಎಂದುಕೊಂಡಿದ್ದೆ.

ಅವನು ನಿನ್ನ ಕಾರಿನ ಬಾನೆಟ್ ಎತ್ತಿದರೆ ಹಬೆ. ನೀನು ಆಮೇಲೆ ಕೂರಿಸಿದ ದೊಡ್ಡ ಎಂಜಿನ್, ಅದರ ತಲೆಯ ಮೇಲೆ ಗಾಳಿ ತುರುಕುವ ಬ್ಲೋವರ್. ಪಿಸ್ಟನ್ ಕರಗುತ್ತದೆ, ಬೇಡ ಎಂದು ನಾನು ಬಡಿದುಕೊಂಡದ್ದಕ್ಕೇ ಅಲ್ಲವೇ ನಾವು ಹನ್ನೊಂದು ವರ್ಷ ಮಾತು ಬಿಟ್ಟದ್ದು?

"ಒಂದು ಪಿಸ್ಟನ್ ಆಗ್ಲೇ ಸುಟ್ಟೋಗಿದೆ ಸಾರ್" ಅಂದ. "ನಂಗೆ ಹಳೇ ಎಂಜಿನ್ನೇ ಬೇಕು. ಕಾರ್ಖಾನೆಯಲ್ಲಿ ಬಾಡಿ ಮೇಲೆ ಹಾಕಿದ ನಂಬರಿಗೆ ಹೊಂದೋದು ಅದೊಂದೇ. 'ಗೆಳೆಯನ ಹತ್ರ ಜೋಪಾನವಾಗಿದೆ' ಅಂತಿದ್ರು, ಹೆಸರು ಮಾತ್ರ ಹೇಳ್ಲಿಲ್ಲ. ನಿಮಗೇನಾದ್ರೂ ಗೊತ್ತಾ?"

"ಯಾವನೋ ಗುಜರಿಗೆ ಹಾಕಿರ್ತಾನೆ, ಬಿಡಪ್ಪ" ಅಂದೆ.

ನೀನು ಕಿತ್ತು ತಂದಿಟ್ಟ ಜಾಗದಲ್ಲೇ, ನನ್ನ ಶೆಡ್ಡಿನಲ್ಲೇ ಇದೆ ಅದು. ತುಕ್ಕು ಹಿಡಿದು ಬಿಗಿದುಕೊಂಡುಬಿಡಬಾರದೆಂದು ತಿಂಗಳಿಗೊಮ್ಮೆ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸುತ್ತೇನೆ. ಇವತ್ತು ಮನೆಗೆ ಬಂದವನೇ ಮತ್ತೆ ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು.

ಕಾರು ಅವನಿಗೆ ಕೊಟ್ಟೆ, ಹೋಗಲಿ. ನಾನು ನಿನ್ನ ಗೆಳೆಯ ಅನ್ನುವ ಮಾತನ್ನೂ ನನಗೆ ಹೇಳದೆ ಅವನಿಗೇ ಹೇಳಿ ಹೋದೆಯಲ್ಲೋ.