ಖಂಡೇಪೂಜೆಯ ದಿನ ನಿಂತ ಟರ್ಬೈನು

ಕೊಪ್ಪಳ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಮಂಡಿನೋವು ಹೇಗಿದೆ? ಗದ್ದೆಯ ನೀರಿನಲ್ಲಿ ಬಹಳ ಹೊತ್ತು ನಿಲ್ಲಬೇಡ ಎಂದು ಅಮ್ಮ ಹೇಳಿ ಕಳಿಸಿದ್ದನ್ನು ಪಕ್ಕೀರವ್ವ ಅತ್ತೆ ನಿನಗೆ ತಿಳಿಸಿದಳೋ, ಇಲ್ಲಾ ತಮ್ಮನ ಪಕ್ಷ ಸೇರಿ ಮುಚ್ಚಿಟ್ಟಳೋ? ನವಲಿಯಲ್ಲಿ ನಾಟಿ ಎಲ್ಲಾ ಮುಗಿಯಿತೇ? ನಾವಿಲ್ಲಿ ಆರಾಮ. ಅಂಗನವಾಡಿಯ ಮಕ್ಕಳ ಹಿಂದೆ ಓಡಾಡಿ ಅಮ್ಮ ಸ್ವಲ್ಪ ಸೊರಗಿದ್ದಾಳೆ, ಬೈಯುವ ಶಕ್ತಿ ಮಾತ್ರ ಹಾಗೇ ಇದೆ. ಫೋನಿನಲ್ಲಿ ನಾನು ಎಷ್ಟು ಮಾತಾಡಿದರೂ ನೀನು "ಹೂಂ, ಛಲೋ ಆತು, ನಿಮ್ಮವ್ವಗ ಕೊಡು" ಎಂದುಬಿಡುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದಬೇಕು ನೋಡು.

ಗುರುವಾರ ಕಾರ್ಖಾನೆಗೆ ಕರೆಂಟು ಕೊಡುವ ಟರ್ಬೈನನ್ನು ನಾನೇ ಚಾಲೂ ಮಾಡಿದೆ. ನೀನು ಹದಿನೆಂಟು ವರ್ಷ ನಡೆಸಿದ ಅದೇ ಯಂತ್ರ. ಕೆಲಸಕ್ಕೆ ಸೇರಿ ಐದು ತಿಂಗಳಾದರೂ ಬರೀ ಮೀಟರು ನೋಡಿ ಬರೆಯುವುದೇ ಆಗಿತ್ತು. ಅವತ್ತು ನಿನ್ನ ಹಳೆಯ ಜೊತೆಗಾರ ನೂರಸಾಬ ಚಾಚಾ ಕೈಕಟ್ಟಿಕೊಂಡು ಹಿಂದೆ ನಿಂತು, "ಕಾಶಿನಾಥನ ಮಗಳು, ನಿನಗ ನಾ ಏನ್ ಹೇಳ್ಲಿ, ಮಾಡವ್ವಾ" ಎಂದರು. ನಾನು ಚಿಕ್ಕವಳಿದ್ದಾಗ ಅಮ್ಮ ಒಲೆ ಹಚ್ಚುವಾಗೆಲ್ಲ ನೀನು ಕಟ್ಟೆಯ ಮೇಲೆ ಕುಳಿತು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದೆಯಲ್ಲ, "ಮೊದಲು ಎಣ್ಣಿ, ಆಮ್ಯಾಲೆ ಗಾಳಿ, ಆಮ್ಯಾಲೆ ಬೆಂಕಿ" ಎಂದು? ಅದೇ ಬಾಯಿಗೆ ಬಂತು. ಎಣ್ಣೆ ಪಂಪು ಹಾಕಿ ಒತ್ತಡ ಏರುವವರೆಗೆ ಕಾದೆ. ಗ್ಯಾಸು ಎಲ್ಲೂ ಸೋರುತ್ತಿಲ್ಲ ಎಂದು ನೋಡಿದೆ. ಸ್ಟಾರ್ಟರ್ ಮೋಟಾರು ಶಾಫ್ಟನ್ನು ತಿರುಗಿಸಿ, ಒಳಗೆ ಉಳಿದಿರಬಹುದಾದ ಗ್ಯಾಸನ್ನೆಲ್ಲ ಗಾಳಿ ಹೊರಗೆ ಊದುವವರೆಗೆ ಬೆಂಕಿಗೆ ಅವಸರ ಮಾಡಲಿಲ್ಲ. ಕಿಡಿ ಹೊತ್ತಿ, ವೇಗ ಏರಿ, ಆ ಸಿಳ್ಳು ಬಂತು ನೋಡು! ಅಮ್ಮ ಬುತ್ತಿ ಕೊಟ್ಟು ಕಳಿಸಿದಾಗ ಗೇಟಿನ ಹತ್ತಿರ ನಿಂತು ಕೇಳುತ್ತಿದ್ದ ಅದೇ ಸಿಳ್ಳು. ನನ್ನ ಕಣ್ಣು ತುಂಬಿ ಬಂದವು. ಚಾಚಾ ನೋಡಿದರೂ ನೋಡದವರ ಹಾಗೆ ಆ ಕಡೆ ತಿರುಗಿದರು.

ನಿಲ್ಲಿಸುವ ಪಾಠವನ್ನು ಮಾತ್ರ ನೀನು ಹೇಳಿಕೊಡಲೇ ಇಲ್ಲ. ನನಗೂ ಆಗ ಬೆಂಕಿ ಹೊತ್ತಿಸುವುದರಲ್ಲೇ ಖುಷಿ. ಸಂಜೆ ಚಾಚಾ ಅದನ್ನು ಕಲಿಸಿದರು. ಲೋಡನ್ನು ಮೆಲ್ಲಗೆ ಇಳಿಸಿ, ಬ್ರೇಕರ್ ತೆಗೆದು ಕರೆಂಟಿನ ಲೈನಿನಿಂದ ಬಿಡಿಸಿ, ಐದು ನಿಮಿಷ ಖಾಲಿ ಓಡಿಸಿ, ಆಮೇಲೆ ಗ್ಯಾಸು ಬಂದ್ ಮಾಡಿದೆ. ವೇಗ ಇಳಿಯುವಾಗ ಒಳಗೆ ಏನಾದರೂ ಉಜ್ಜುವ ಸದ್ದಿದೆಯೇ ಎಂದು ಕಿವಿಗೊಟ್ಟೆ. ಎಲ್ಲ ನಿಂತಿತು, ಮುಗಿಯಿತು ಎಂದು ನಾನು ಚೀಲ ಎತ್ತಿಕೊಂಡರೆ ಚಾಚಾ, "ನಿಂತೈತಿ ಅಂತ ಬಿಟ್ಟು ಹೋಗಬ್ಯಾಡವ್ವಾ, ಒಳಗ ಇನ್ನೂ ಕುದಿಯಾಕತ್ತೈತಿ" ಎಂದು ಸಣ್ಣ ಮೋಟಾರೊಂದನ್ನು ಹಾಕಿ ತೋರಿಸಿದರು. ಅದು ಶಾಫ್ಟನ್ನು ಗಂಟೆಗಟ್ಟಲೆ ಮೆಲ್ಲಗೆ ತಿರುಗಿಸುತ್ತಿರಬೇಕು. ಬಿಸಿ ಶಾಫ್ಟು ಸುಮ್ಮನೆ ನಿಂತರೆ ಬಾಗುತ್ತದೆ.

ಏಳು ವರ್ಷದ ಹಿಂದೆ ದಸರೆಯಲ್ಲಿ ಯಂತ್ರಕ್ಕೆ ಮಾಡುವ ಖಂಡೇಪೂಜೆಗೆ ಮನೆಯವರನ್ನೆಲ್ಲ ಕರೆಸಿದ್ದರಲ್ಲ, ಅಪ್ಪಾ. ನಾನಾಗ ಒಂಬತ್ತನೆಯ ತರಗತಿ. ನೀನು ಬೆಳಿಗ್ಗೆ ಯಂತ್ರ ನಿಲ್ಲಿಸಿ, ತೊಳೆದ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಮದುಮಗನಂತೆ ಓಡಾಡುತ್ತಿದ್ದೆ. ಅಷ್ಟು ಸಂತೋಷದಲ್ಲಿ ನಿನ್ನನ್ನು ಆಮೇಲೆ ನಾನು ನೋಡಲೇ ಇಲ್ಲ. ಮರುದಿನ ಚಾಲೂ ಮಾಡಿದಾಗ ಅದು ಗಡಗಡ ನಡುಗಿ ನಿಂತಿತು, ಮೂರು ತಿಂಗಳು ಬಿಚ್ಚಿ ಹಾಕಿದ್ದರು. ಮ್ಯಾನೇಜರ್ ಸಾಹೇಬರ ಮುಂದೆ, "ಮೋಟಾರು ಹಾಕಿದ್ದೆ ಅಂತ ಅನಸ್ತದ್ರಿ, ಆದರ ಖಾತ್ರಿ ಇಲ್ಲ. ನಾನಽ ಮರ್ತಿರಬೇಕು" ಎಂದೆಯಂತೆ. ಯಾರೂ ತೆಗೆದುಹಾಕಲಿಲ್ಲ, ನೀನೇ ಕೆಲಸ ಬಿಟ್ಟೆ. ಈಗ ಅತ್ತೆಯ ಗದ್ದೆಯ ಪಂಪಿನ ಗುಂಡಿಯನ್ನೂ ಮುಟ್ಟುವುದಿಲ್ಲವಂತೆ. "ನನ್ನ ತಲಿ ಮ್ಯಾಲೆ ನನಗಽ ಭರೋಸಾ ಇಲ್ಲ ಅಂತಾನ" ಎಂದು ಅತ್ತೆ ಅಳುತ್ತಾಳೆ. ನನಗೂ ಅದನ್ನು ಕೇಳಿದಾಗೆಲ್ಲ ಅಳು ಬರುತ್ತದೆ.

ಹೊಸಬರಿಗೆ ಕಲಿಸಲು ನೀನು ಬಂದರೆ ಒಳ್ಳೆಯದಿತ್ತು ಎಂದು ಚಾಚಾ ಮತ್ತೆ ಕೇಳಿದ್ದಾರೆ. ಅವರಿಗೂ ಈ ವರ್ಷ ನಿವೃತ್ತಿ. ಅತ್ತೆಗೆ ನನ್ನ ನಮಸ್ಕಾರ ಹೇಳು. ಅಮ್ಮ ನಿನ್ನ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ನವಲಿ ಕಡೆಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತಾಳೆ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ಕಾಲಿಗೆ ಬೀಳುವ ಮಗಳು,
ಶೋಭಾರಾಣಿ

ತಾ.ಕ.: ಅಮ್ಮ ಲಕೋಟೆ ಕೇಳುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅಪ್ಪಾ, ಖಂಡೇಪೂಜೆಯ ದಿನ ಆ ಸಣ್ಣ ಮೋಟಾರನ್ನು ನೀನು ಹಾಕಿದ್ದೆ. ಬಂದ್ ಮಾಡಿದವಳು ನಾನು. ನೀನು ಬುಂದಿ ಹಂಚಲು ಹೊರಗೆ ಹೋಗಿದ್ದೆ, ನಾನು ಆರತಿ ತಟ್ಟೆ ಹಿಡಿದು ಒಳಗಿದ್ದೆ. ಮನೆಯಲ್ಲಿ ಪೂಜೆಗಿಟ್ಟ ಹೊಲಿಗೆ ಯಂತ್ರವನ್ನು ಆ ದಿನ ಅಲುಗಿಸಲೂ ಅಮ್ಮ ಬಿಡುತ್ತಿರಲಿಲ್ಲ. ನಿನ್ನ ಯಂತ್ರ ಕುಂಕುಮ ಹಚ್ಚಿಸಿಕೊಂಡ ಮೇಲೂ ಗುಂಯ್ ಎನ್ನುತ್ತಿತ್ತು. ಅಪ್ಪ ಆರಿಸುವುದನ್ನು ಮರೆತಿದ್ದಾನೆ ಎಂದುಕೊಂಡು ಕೆಂಪು ಗುಂಡಿ ಒತ್ತಿದೆ. ನಿನಗೆ ಸಹಾಯ ಮಾಡಿದೆನೆಂದು ಹಿಗ್ಗಿದ್ದೆ. ಗುರುವಾರ ಚಾಚಾ ಆ ಗುಂಡಿ ತೋರಿಸುವವರೆಗೆ ನಾನು ಮಾಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರ ಮ್ಯಾನೇಜರ್ ಸಾಹೇಬರಿಗೆ ಇದನ್ನೆಲ್ಲ ಬರೆದು ಕೊಡುತ್ತೇನೆ. ಕೆಲಸ ಇನ್ನೂ ಖಾಯಂ ಆಗಿಲ್ಲ, ಹೋದರೆ ಹೋಗಲಿ. ಅದಕ್ಕಿಂತ ಮೊದಲು ನಿನಗೆ ತಿಳಿಯಬೇಕು. ನೀನು ಏನನ್ನೂ ಮರೆತಿರಲಿಲ್ಲ, ಅಪ್ಪಾ.