ನಮ್ಮ ಮನೆಯಲ್ಲಿದ್ದ ದೊರೆ

ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್
ಸೋಮವಾರ, ೧೬ ಜೂನ್ ೨೦೦೮

ಪ್ರೀತಿಯ ಅಮ್ಮಾ,

ನಿನ್ನ ಮಗ ಇಂದುಶೇಖರ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದಾನೆ ಎಂದುಕೋ. ಮಂಡಿನೋವು ಹೇಗಿದೆ? ಚಂದ್ರಪ್ರಭಕ್ಕ ಹೊಸ ಎಣ್ಣೆ ತರಿಸಿದ್ದಾಳಂತೆ. ಹಚ್ಚಿಕೊಳ್ಳುತ್ತೀಯೋ, ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ಫೋನಿನಲ್ಲಿ ನಾನೊಂದು ಕೇಳಿದರೆ ನೀನು ಇನ್ನೊಂದು ಹೇಳುತ್ತೀ, ನಡುವೆ ಅಕ್ಕ ಮೂರನೆಯದು ಕೂಗುತ್ತಾಳೆ. ಅದಕ್ಕೇ ಈ ಕಾಗದ. ನಾವೆಲ್ಲ ಕ್ಷೇಮ. ಶುಭಾಳಿಗೆ ಆಸ್ಪತ್ರೆಯ ಪಾಳಿಗಳ ರೋಟಾ, ನನಗೆ ಅಡುಗೆಯ ಕೋಟಾ. ಆಶ್ರಿತಾಳ ಪರೀಕ್ಷೆ ಮುಗಿಯಿತು. ಕನ್ನಡದಲ್ಲಿ ಬೈದರೆ ಈಗಲೂ ಇಂಗ್ಲಿಷಿನಲ್ಲೇ ಸಾರಿ ಅನ್ನುತ್ತಾಳೆ.

ಇನ್ನು ಸುದ್ದಿ. ಮೊನ್ನೆಯವರೆಗೆ ಎರಡು ವಾರಕ್ಕೂ ಮೇಲೆ ಒಬ್ಬ ಪದಚ್ಯುತ ರಾಜ ನಮ್ಮ ಮುಂದಿನ ಕೋಣೆಯಲ್ಲಿ ಆಶ್ರಯ ಪಡೆದಿದ್ದ. ಗಾಬರಿಯಾಗಬೇಡ, ಬರೀ ಪಟ. ಪಕ್ಕದ ಮನೆಯ ಕೇಶವ ನೇಪಾಳದವನು, ಶುಭಾಳ ಆಸ್ಪತ್ರೆಯಲ್ಲೇ ನರ್ಸು. ಮಾರ್ಚಿನಲ್ಲಿ ಅವನ ತಾಯಿ ಬಂದರು, ಎಪ್ಪತ್ತನಾಲ್ಕು ವರ್ಷ. ಅವರಲ್ಲಿ ತಾಯಿಗೆ ಆಮಾ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಕಾಶಿಯಲ್ಲಿ ಕೆಲವು ವರ್ಷ ಇದ್ದವರು, ಹಿಂದಿ ಬರುತ್ತದೆ. ನನ್ನದು ಮುರುಕು ಹಿಂದಿ, ಅವರದು ಹರಕು ಕಿವಿ. ಹೀಗಾಗಿ ಸಂಭಾಷಣೆಗೆ ತೊಂದರೆಯೇ ಇಲ್ಲ.

ಅವರ ದೇಶದಲ್ಲಿ ಎರಡು ವರ್ಷದ ಹಿಂದೆ ಜನ ಕರ್ಫ್ಯೂ ಮುರಿದು ಹತ್ತೊಂಬತ್ತು ದಿನ ಬೀದಿಯಲ್ಲಿ ನಿಂತು ರಾಜನ ಕೈಯಿಂದ ಅಧಿಕಾರ ಬಿಡಿಸಿದರು. ಈ ಮೇ ಇಪ್ಪತ್ತೆಂಟಕ್ಕೆ ಹೊಸ ಸಂವಿಧಾನ ಸಭೆ ಸಿಂಹಾಸನವನ್ನೇ ರದ್ದು ಮಾಡಿತು. ಅಂದು ಕೇಶವ ಬೀದಿಯ ಎಲ್ಲ ಮನೆಗೂ ಲಡ್ಡು ಹಂಚಿದ, ಎದುರುಮನೆಯ ಮುದುಕಿಗೂ ಕೊಟ್ಟ. ಸಿಂಹಾಸನ ಹೋಯಿತು ಎಂದದ್ದು ಕೇಳಿ, ತಮ್ಮ ರಾಣಿಗೇನೋ ಆಯಿತೆಂದು ಆಕೆ ಹೆದರಿದರಂತೆ. ಆಮೇಲೆ ಕೇಶವ ಮನೆಗೆ ಹೋಗಿ ತಾಯಿಯ ದೇವರ ಗೂಡಿನಿಂದ ರಾಜನ ಪಟ ತೆಗೆದು, ರದ್ದಿ ಒಯ್ಯುವ ಕೌನ್ಸಿಲಿನವರ ಹಸಿರು ಪೆಟ್ಟಿಗೆಗೆ, ಹಳೆ ಪೇಪರಿನ ಜೊತೆ ಹಾಕಿದ. ಆಮಾಗೆ ರಾಜನೆಂದರೆ ವಿಷ್ಣುವಿನ ಅವತಾರ. ಪಟ ಎತ್ತಿ, ಸೆರಗಿನಲ್ಲಿ ಒರೆಸಿ, ನೇರ ನಮ್ಮ ಬಾಗಿಲಿಗೆ ಬಂದರು. ದೊರೆ ಹೋದ, ಹೊರೆ ಹೋಯಿತು ಎಂದ ಮಗ. ದೊರೆ ಹೋದ, ಆಸರೆ ಹೋಯಿತು ಎಂದರು ತಾಯಿ. ನಾನು ನನ್ನ ಅನುವಾದದ ಪ್ರಾಸ ನೋಡಿ ಖುಷಿಪಟ್ಟೆ, ಶುಭಾ ಮುಖ ನೋಡಿ ಕಾಫಿ ಕೊಟ್ಟಳು.

ಅಂದಿನಿಂದ ಅವರು ಮಗನ ಮನೆಯಲ್ಲಿ ಮಲಗುವುದು ಮಾತ್ರ. ಊಟ ನಮ್ಮಲ್ಲಿ, ಪಟಕ್ಕೆ ದೀಪ ನಮ್ಮಲ್ಲಿ, ಮಾತೂ ನಮ್ಮಲ್ಲಿ. ಜೂನ್ ಹದಿನೈದರ ಭಾನುವಾರಕ್ಕೆ ವಾಪಸ್ಸು ಟಿಕೆಟ್ಟು. ಈ ವಯಸ್ಸಿನಲ್ಲಿ ಅವರು ಮತ್ತೆ ಇಷ್ಟು ದೂರ ಬರುವುದಿಲ್ಲ, ಕೇಶವನಿಗೂ ಸದ್ಯಕ್ಕೆ ಹೋಗಲಾಗುವುದಿಲ್ಲ. ಹೀಗೇ ಮಾತಿಲ್ಲದೆ ವಿಮಾನ ಹತ್ತಿದರೆ ಗತಿಯೇನು ಎಂದು ನನಗೆ ಚಿಂತೆ. ನಾನೇ ಸಂಧಾನಕ್ಕೆ ಹೋದೆ. ನಮ್ಮಪ್ಪನೂ ನಲವತ್ತೇಳರಲ್ಲಿ ಮೈಸೂರು ಚಲೋ ಎಂದು ಮಹಾರಾಜರ ಸರ್ಕಾರದ ವಿರುದ್ಧ ಜೈಲಿಗೆ ಹೋದವರು, ಆದರೂ ಮನೆಯಲ್ಲಿ ಯಾರ ಮೇಲೂ ದನಿ ಎತ್ತಲಿಲ್ಲ ಎಂದು ಭಾಷಣ ಬಿಗಿದೆ. ಕೇಶವ ಪೂರ್ತಿ ಕೇಳಿಸಿಕೊಂಡ. “ನಿಮ್ಮಪ್ಪ ಎರಡು ಕಾಲಲ್ಲಿ ಹೋದರು, ಎರಡು ಕಾಲಲ್ಲಿ ಬಂದರು. ನನ್ನ ತಮ್ಮ ಹಾಗೆ ಬರಲಿಲ್ಲ, ಭಾಯಿಸಾಬ್,” ಎಂದ. ಆ ಚಳವಳಿಯಲ್ಲಿ ತಮ್ಮನ ಮೊಣಕಾಲಿಗೆ ಪೊಲೀಸರ ಗುಂಡು ಬಿದ್ದು ಕಾಲು ತೆಗೆಯಬೇಕಾಯಿತಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಸಂಧಾನಕಾರ ಭಾಷಣ ಮಡಚಿಕೊಂಡು ಮನೆಗೆ ಬಂದ.

ಕಳೆದ ಬುಧವಾರ ರಾಜ ಅರಮನೆ ಬಿಟ್ಟು ಹೊರಟ. ಹಿಂದಿ ಚಾನೆಲ್ಲು ಇರುವುದು ನಮ್ಮಲ್ಲಿ, ಕೇಶವ ನೋಡಲು ಬಂದ. ಆಮಾ ಮೊದಲೇ ಸೋಫಾದಲ್ಲಿದ್ದರು, ಪಟ ಮಡಿಲಲ್ಲಿ. ಕಾರು ಗೇಟು ದಾಟಿತು, ಹೊರಗೆ ಜನ ಕುಣಿಯುತ್ತಿದ್ದರು. ಆಮಾ ಕೈಮುಗಿದರು. ಕೇಶವ ಎದ್ದು ನಿಂತು, ತಮ್ಮನ ಕಾಲು ಕಿತ್ತವನಿಗೆ ಕೈ ಮುಗಿಯುತ್ತೀಯಾ ಎಂದ. ನೇಪಾಳಿಯಾದರೂ ನನಗೆ ಅರ್ಥವಾಯಿತು.

ಆಮಾ ದನಿ ಏರಿಸದೆ, ನಮಗೂ ತಿಳಿಯಲೆಂದೋ ಏನೋ, ಹಿಂದಿಯಲ್ಲೇ ಹೇಳಿದರು. ಗುಂಡು ಹಾರಿದ ದಿನ ಸಂಜೆಯವರೆಗೂ ಸಣ್ಣ ಮಗನ ಸುಳಿವಿರಲಿಲ್ಲವಂತೆ. ಸತ್ತವರ ಹೆಸರು ಬೀದಿಯಲ್ಲಿ ಒಂದೊಂದೇ ಕೇಳಿಬರುತ್ತಿತ್ತಂತೆ. ಇವರು ಆ ಪಟದ ಮುಂದೆಯೇ ದೀಪ ಹಚ್ಚಿ, ಮಗ ಬದುಕಿ ಬಂದರೆ ನಾನಿರುವವರೆಗೂ ನಿನಗೆ ದೀಪ ತಪ್ಪಿಸುವುದಿಲ್ಲ ಎಂದು ಹರಕೆ ಹೊತ್ತರಂತೆ. “ಗುಂಡು ಹಾರಿಸಿದವರು ಅವನವರು. ತಡೆಯಬಲ್ಲವನು ಅವನೊಬ್ಬನೇ. ಇನ್ಯಾರನ್ನ ಕೇಳಲಿ? ನಾನು ಜೀವ ಕೇಳಿದೆ. ಕಾಲೂ ಕೇಳಬೇಕಿತ್ತು, ಹೊಳೆಯಲಿಲ್ಲ,” ಎಂದರು. ಕೇಶವ ಮತ್ತೆ ಕುಳಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದ. “ನೀನು ಕೇಳಿದ್ದು ಪಟ ತೆಗೀತೀಯೋ ಇಲ್ಲವೋ ಅಂತ ಮಾತ್ರ.”

ಕೇಶವ ಪಟವನ್ನು ಗೂಡಿಗೆ ವಾಪಸ್ಸು ಇಡಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಶನಿವಾರ ಬಂದು ನಮ್ಮ ನೆಲದ ಮೇಲೆ ಕುಳಿತು, ಗಾಜು ಒಡೆಯದಂತೆ ಅದಕ್ಕೆ ಕ್ರೇಪ್ ಬ್ಯಾಂಡೇಜು ಸುತ್ತಿದ. ವಾರ್ಡಿನಲ್ಲಿ ಮುರಿದ ಕೈಗೆ ಸುತ್ತುವ ಹಾಗೇ, ಒಂದರ ಮೇಲೊಂದು ಅಡ್ಡಡ್ಡ. ಆಮಾ ಇನ್ನಷ್ಟು ಬಿಗಿ ಎಂದರು, ಅವನು ರಕ್ತ ಓಡಬೇಡವಾ ಎಂದ. ಅಂದು ಇಬ್ಬರೂ ಅವರ ಮನೆಯಲ್ಲೇ ಉಂಡರು. ನಾನು ಮಾಡಿದ ಹುಳಿ ಎಲ್ಲ ಉಳಿಯಿತು. ನಿನ್ನೆ ವಿಮಾನ ನಿಲ್ದಾಣಕ್ಕೆ ಕೇಶವನೇ ಬಿಟ್ಟುಬಂದ.

ಉಮೇಶಣ್ಣನಿಗೆ ನಮಸ್ಕಾರ, ಅಕ್ಕನಿಗೆ ಎಣ್ಣೆಯ ಬಗ್ಗೆ ನಾನು ಬರೆದದ್ದನ್ನು ಓದಿ ಹೇಳಬೇಡ. ಶುಭಾ, ಆಶ್ರಿತಾ ನಿನ್ನ ಆಶೀರ್ವಾದಕ್ಕೆ ತಲೆ ಬಾಗಿಸಿದ್ದಾರೆ, ಒಬ್ಬಳು ನಿದ್ದೆಯಿಂದ, ಒಬ್ಬಳು ಮೊಬೈಲಿಗೆ.

ನಿನ್ನ ಮಗ,
ಇಂದು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಅಪ್ಪ ಜೈಲಿನಲ್ಲಿದ್ದಷ್ಟು ದಿನವೂ ನೀನು ಮಹಾರಾಜರ ಪಟಕ್ಕೆ ತುಪ್ಪದ ದೀಪ ಹಚ್ಚುತ್ತಿದ್ದೆಯಂತೆ. ಆಗ ನಿನಗೆ ಹದಿನಾರು. ನಾನು ಜೈಲಿಗೆ, ನನ್ನ ಹೆಂಡತಿ ಆರತಿಗೆ ಎಂದು ಅಪ್ಪ ಬಂದವರನ್ನೆಲ್ಲ ನಗಿಸುತ್ತಿದ್ದರು. ಪ್ರಾಸ ಚೆನ್ನಾಗಿದೆ ಎಂದು ನಾನೂ ನಗುತ್ತಿದ್ದೆ. ನೀನು ಒಳಗೆ ಕಾಫಿ ಸೋಸುತ್ತಿದ್ದೆ. ಏನು ಬೇಡಿಕೊಂಡಿದ್ದೆ, ಅಮ್ಮಾ? ಅಕ್ಕನ ಕೈಯಲ್ಲಿ ಬರೆಸಬೇಡ. ನೀನೇ ಬರಿ.